ದೊಡ್ಡವರ ಅಕ್ಷರ ತರಗತಿಗೆ ಯಾವುದು ಸರಿ: ಕೀಪ್ಯಾಡ್ ಫೋನೋ, ಸ್ಮಾರ್ಟ್‌ಫೋನೋ, ಕಂಪ್ಯೂಟರೋ?

"ಮೇಡಂ, ದುಡ್ಡು ಬಿತ್ತಾ ನೋಡಿ."

ಸಂಜೆ ತರಗತಿಗೆ ಬರುವ ಹೆಂಗಸರಲ್ಲಿ ಒಬ್ಬರಾದರೂ ಹೀಗೆ ಫೋನ್ ಚಾಚುತ್ತಾರೆ. ಗೃಹಲಕ್ಷ್ಮಿಯ 2000 ರೂಪಾಯಿ ಖಾತೆಗೆ ಬಂದಿದೆಯೋ ಇಲ್ಲವೋ ಅನ್ನುವುದು ಅವರ ಪ್ರಶ್ನೆ. ಉತ್ತರ ಅವರ ಫೋನಿನ ಮೆಸೇಜಿನಲ್ಲೇ ಇರುತ್ತದೆ. ಆದರೂ ಅದನ್ನು ತಿಳಿಯಲು ಕೆಲವರು ಅಂಗಡಿಯಲ್ಲಿ 10 ರೂಪಾಯಿ ಕೊಟ್ಟು ಬರುತ್ತಿದ್ದರು. ಒಬ್ಬರಂತೂ ಅರ್ಧ ದಿನದ ಕೂಲಿ ಬಿಟ್ಟು ಬ್ಯಾಂಕಿನ ಸಾಲಿನಲ್ಲಿ ನಿಂತು ಬಂದರು. ದುಡ್ಡು ಬಂದು ನಾಲ್ಕು ದಿನ ಆಗಿತ್ತು.

2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಹೆಂಗಸರ ಸಾಕ್ಷರತೆ ಶೇ 68.08. ಅಂದರೆ ಏಳು ವರ್ಷ ತುಂಬಿದ ಮೂವರಲ್ಲಿ ಹತ್ತಿರ ಹತ್ತಿರ ಒಬ್ಬರಿಗೆ ಓದು ಬರಹ ಇರಲಿಲ್ಲ. ಯಾದಗಿರಿಯಲ್ಲಿ ಗಂಡಸರು ಹೆಂಗಸರು ಸೇರಿಯೇ ಶೇ 51.83. ಓದು ಬಾರದವರಲ್ಲಿ ಬಹಳ ಮಂದಿಯ ಮನೆಗೆ ಈಗ ಪುಸ್ತಕಕ್ಕಿಂತ ಮೊದಲು ಫೋನ್ ಬಂದಿದೆ. ಹಾಗಾಗಿ ಅಕ್ಷರ ಮೊದಲು, ಫೋನ್ ಆಮೇಲೆ ಅನ್ನುವ ಹಳೇ ಕ್ರಮ ಈಗ ನಡೆಯುವುದಿಲ್ಲ. ಎರಡನ್ನೂ ಒಟ್ಟಿಗೇ ಕಲಿಸಬೇಕು. ಅದಕ್ಕೆ ಯಾವ ಸಾಧನ ತೆಗೆದುಕೊಳ್ಳಬೇಕು, ಕನ್ನಡವನ್ನು ಹೇಗೆ ಟೈಪ್ ಮಾಡಿಸಬೇಕು, ಯಾರು ಹೇಳಿಕೊಡಬೇಕು ಅನ್ನುವುದನ್ನು ಇಲ್ಲಿ ಹೋಲಿಸಿದ್ದೇನೆ. ನೀವು ಸ್ವಯಂಸೇವಕರಾಗಿರಬಹುದು, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರಾಗಿರಬಹುದು, ಅಥವಾ ಸುಮ್ನೆ ಮನೆಯಲ್ಲಿ ಅಮ್ಮನಿಗೆ ಕಲಿಸಬೇಕು ಅಂದುಕೊಂಡವರಿರಬಹುದು.

ಮೊದಲು ಕೇಳಬೇಕಾದದ್ದು: ಫೋನ್ ಯಾರದು?

ಯಾವ ಕಂಪನಿ, ಎಷ್ಟು ಜಿಬಿ ಅನ್ನುವುದೆಲ್ಲ ಆಮೇಲೆ. ತರಗತಿ ಮುಗಿಸಿ ಮನೆಗೆ ಹೋದ ಮೇಲೆ ಆ ಫೋನ್ ಯಾರ ಕೈಯಲ್ಲಿರುತ್ತದೆ ಅಂತ ಕೇಳಿ. ಬಹಳ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಮಗನದು, ಇಲ್ಲಾ ಗಂಡನದು. ಇವರ ಪಾಲಿಗೆ ಹಳೇ ಕೀಪ್ಯಾಡ್ ಸೆಟ್. ಮಗನ ಫೋನಿನಲ್ಲಿ ಎರಡು ತಾಸು ಕಲಿತದ್ದು ಮುಂದಿನ ವಾರದ ಹೊತ್ತಿಗೆ ಮರೆತುಹೋಗಿರುತ್ತದೆ. ಏಕೆಂದರೆ ನಡುವೆ ಒಮ್ಮೆಯೂ ಅದನ್ನು ಮುಟ್ಟಿರುವುದಿಲ್ಲ.

ಹಾಗಾಗಿ ನನ್ನ ಲೆಕ್ಕ ಹೀಗೆ: ಸ್ವಂತ ಕೀಪ್ಯಾಡ್ ಫೋನ್, ಬೇರೆಯವರ ಸ್ಮಾರ್ಟ್‌ಫೋನಿಗಿಂತ ಮೇಲು. ಗಾಜು ಬಿರುಕು ಬಿಟ್ಟಿದ್ದರೂ ಸರಿ, ಸ್ವಂತದ ಸ್ಮಾರ್ಟ್‌ಫೋನ್ ಎಲ್ಲಕ್ಕಿಂತ ಮೇಲು.

ಕೀಪ್ಯಾಡ್ ಫೋನ್

ಇದನ್ನು ಹಳೇದು ಅಂತ ತಳ್ಳಿಹಾಕಬೇಡಿ. ಅಕ್ಷರ ಬಾರದ ಎಷ್ಟೋ ಮಂದಿಗೂ ಅಂಕಿ ಬರುತ್ತದೆ. 10 ಅಂಕಿಯ ನಂಬರನ್ನು ನೋಡಿ ಒತ್ತಬಲ್ಲವರಿಗೆ ಎಡದಿಂದ ಬಲಕ್ಕೆ ಓದುವುದು, ಸಾಲು ತಪ್ಪದಿರುವುದು ಆಗಲೇ ಗೊತ್ತಿದೆ ಅಂತ ಅರ್ಥ. ಕಲಿಕೆಯನ್ನು ಅಲ್ಲಿಂದಲೇ ಶುರು ಮಾಡಬಹುದು. 5ರ ಗುಂಡಿಯ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ, ಗಮನಿಸಿದ್ದೀರಾ? ಬೆರಳು ಅಲ್ಲಿ ಕೂತರೆ ಮೇಲೆ 2, ಕೆಳಗೆ 8, ಆಚೀಚೆ 4 ಮತ್ತು 6. ಕಣ್ಣು ಮಂಜಾದವರಿಗೆ ಇದು ದೊಡ್ಡ ಆಸರೆ.

ಒಂದು ಮಾತು. ಅಂಕಿ ಕಲಿಸುವಾಗ ೧, ೨, ೩ರಿಂದ ಶುರು ಮಾಡಬೇಡಿ. ಕನ್ನಡದ ಅಂಕಿ ಚೆಂದ, ನನಗೂ ಇಷ್ಟ. ಆದರೆ ನೋಟಿನ ಬೆಲೆ, ಓಟಿಪಿ, ಸಿಲಿಂಡರಿನ ರಸೀದಿ ಎಲ್ಲದರಲ್ಲೂ ಓದಬೇಕಾದದ್ದು 1, 2, 3. ಅದು ಕೈಗೆ ಹತ್ತಿದ ಮೇಲೆ ಕನ್ನಡದ್ದು ಕಲಿಸಿ.

ಕೀಪ್ಯಾಡ್ ಸೆಟ್ಟಿನಲ್ಲಿ ಹಣ ಕಳಿಸಲಿಕ್ಕೂ ಆಗುತ್ತದೆ. *99# ಒತ್ತಿದರೆ ಇಂಟರ್ನೆಟ್ ಇಲ್ಲದೆಯೇ ಬ್ಯಾಂಕಿನ ಬಾಕಿ ನೋಡಬಹುದು. ಆ ನಂಬರ್ ಖಾತೆಗೆ ಜೋಡಣೆ ಆಗಿರಬೇಕು. ಕೀಪ್ಯಾಡ್ ಫೋನಿನವರಿಗಾಗಿಯೇ 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಬಂತು. ಅದರಲ್ಲಿ ಕರೆ ಮಾಡಿ, ಮಾತು ಕೇಳಿಸಿಕೊಂಡು, ಗುಂಡಿ ಒತ್ತಿ ಹಣ ಕಳಿಸಬಹುದು.

ಇದರ ಕೊರತೆ ಕನ್ನಡದಲ್ಲೇ ಇದೆ. ಕನ್ನಡ ಮೆಸೇಜ್ ಬಂದರೆ ಕೆಲವು ಸೆಟ್ಟುಗಳಲ್ಲಿ ಬರೀ ಚೌಕಗಳು ಕಾಣುತ್ತವೆ. ಅಕ್ಷರ ಕಲಿಸಲು ಇದು ಸಾಲದು. ಆ ಭಾಗಕ್ಕೆ ಸ್ಲೇಟು ಬಳಪವೇ ಸಾಕು.

ಸ್ಮಾರ್ಟ್‌ಫೋನ್

ಹೆಚ್ಚಿನವರಿಗೆ ಸರಿಹೊಂದುವುದು ಇದೇ. ಆದರೆ ಮೊದಲ ವಾರ ಎಲ್ಲರೂ ಎಡವುವ ಒಂದು ಜಾಗ ಇದೆ, ಅದನ್ನು ನಾನು ಯಾವ ಪಠ್ಯದಲ್ಲೂ ಓದಿರಲಿಲ್ಲ. ಹೊಲ ಮನೆ ಕೆಲಸ ಮಾಡಿದ ಕೈ ಗುಂಡಿಯನ್ನು ಗಟ್ಟಿಯಾಗಿ ಒತ್ತುತ್ತದೆ, ಒತ್ತಿ ಹಿಡಿಯುತ್ತದೆ. ಫೋನಿಗೆ ಒತ್ತಿ ಹಿಡಿಯುವುದು ಅಂದರೆ ಬೇರೆಯೇ ಅರ್ಥ. ವಾಟ್ಸಾಪ್ ತೆರೆಯುವ ಬದಲು ಅದರ ಚಿತ್ರ ಅಲುಗಾಡಿ ಬೇರೆ ಕಡೆ ಹೋಗಿ ಕೂರುತ್ತದೆ. "ಅಯ್ಯೋ, ಕೆಟ್ಟೋಯ್ತು" ಅಂತ ಫೋನ್ ಕೆಳಗಿಟ್ಟುಬಿಡುತ್ತಾರೆ.

ನಾನು ಹೇಳಿದ್ದು ಇಷ್ಟೇ: "ಹೆಬ್ಬೆಟ್ಟು ಒತ್ತಿದ ಹಾಗೆ ಬೇಡ, ಹಣೆಗೆ ಕುಂಕುಮ ಇಟ್ಟ ಹಾಗೆ ಮುಟ್ಟಿ ತೆಗೀರಿ." ಅವತ್ತೇ ಅರ್ಧ ಮಂದಿಗೆ ಕೈ ಕೂತಿತು. ಉಳಿದವರಿಗೆ ಸೆಟ್ಟಿಂಗ್ ಬದಲಿಸಿದೆ. ಆಂಡ್ರಾಯ್ಡ್ ಫೋನಿನ ಅಕ್ಸೆಸಿಬಿಲಿಟಿ ವಿಭಾಗದಲ್ಲಿ, ಎಷ್ಟು ಹೊತ್ತು ಹಿಡಿದರೆ ಅದು 'ಒತ್ತಿ ಹಿಡಿದದ್ದು' ಅಂತ ಲೆಕ್ಕ ಎಂದು ನಾವೇ ಹೇಳಬಹುದು. ಅದನ್ನು ಅತಿ ಉದ್ದಕ್ಕೆ ಇಡಿ. ಅಕ್ಷರದ ಗಾತ್ರವನ್ನೂ ಹಿಗ್ಗಿಸಿ. ಕಲಿಸುವವರು ಮೊದಲ ದಿನ ಈ ಎರಡು ಕೆಲಸ ಮಾಡಿದರೆ ಎಷ್ಟೋ ತಲೆಬಿಸಿ ತಪ್ಪುತ್ತದೆ.

(ಹೆಬ್ಬೆಟ್ಟಿನ ಮಾತು ಬಂತಲ್ಲ. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಹೆಬ್ಬೆಟ್ಟು ಅಂದರೆ ನಾಚಿಕೆ. ಈಗ ರೇಷನ್ ಅಂಗಡಿಯಲ್ಲಿ ಎಂ.ಎ. ಓದಿದವರೂ ಹೆಬ್ಬೆಟ್ಟೇ ಕೊಡಬೇಕು. ನಮ್ಮ ತರಗತಿಯ ಅಜ್ಜಿಯೊಬ್ಬರು ಇದನ್ನು ಹೇಳಿ ನಕ್ಕಿದ್ದೇ ನಕ್ಕಿದ್ದು.)

ಮೆನು ಯಾವ ಭಾಷೆಯಲ್ಲಿರಬೇಕು? ಇದು ಅಂದುಕೊಂಡಷ್ಟು ಸುಲಭದ ಪ್ರಶ್ನೆ ಅಲ್ಲ. ಫೋನನ್ನು ಪೂರ್ತಿ ಕನ್ನಡಕ್ಕೆ ಬದಲಿಸಿದರೆ ಓದುವ ಅಭ್ಯಾಸ ಆಗುತ್ತದೆ, ನಿಜ. ಆದರೆ ಅಲ್ಲಿ ಬರುವ ಕನ್ನಡ ಯಾರೂ ಆಡುವ ಕನ್ನಡ ಅಲ್ಲ. 'ಡಿಲೀಟ್' ಅಂದರೆ ಎಲ್ಲರಿಗೂ ಗೊತ್ತು, 'ಅಳಿಸಿ' ಅಂದರೆ ಯಾರನ್ನೋ ಅಳಿಸುವುದಾ ಅಂತ ಕೇಳಿದವರಿದ್ದಾರೆ! ಇನ್ನೊಂದು ತೊಂದರೆ ಮನೆಯಲ್ಲಿ ಎದುರಾಗುತ್ತದೆ. ಏನಾದರೂ ಕೆಟ್ಟರೆ ಮಗನ ಹತ್ತಿರ ಕೊಡುತ್ತಾರೆ. ಅವನಿಗೆ ಕನ್ನಡ ಮೆನುವಿನಲ್ಲಿ ದಾರಿ ತಿಳಿಯದೆ ಪುನಃ ಇಂಗ್ಲಿಷಿಗೆ ಹಾಕಿ ಕೊಡುತ್ತಾನೆ. ನಿಧಾನಕ್ಕೆ ಕೂಡಿಸಿ ಓದುವ ಹಂತಕ್ಕೆ ಬಂದವರಿಗೆ ಕನ್ನಡ ಮೆನು ಹಾಕಿ. ಅದಕ್ಕಿಂತ ಹಿಂದಿರುವವರು ಹೇಗೂ ಚಿತ್ರ ನೋಡಿಯೇ ಒತ್ತುತ್ತಾರೆ, ಅವರ ಫೋನನ್ನು ಇದ್ದ ಹಾಗೇ ಬಿಡಿ.

ಟ್ಯಾಬ್ಲೆಟ್, ಕಂಪ್ಯೂಟರ್

ಟ್ಯಾಬ್ಲೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪರದೆ ದೊಡ್ಡದು, ನಾಲ್ವರು ಸುತ್ತ ಕೂತು ನೋಡಬಹುದು, ಅಕ್ಷರ ತಿದ್ದಲು ಚೆನ್ನಾಗಿದೆ. ಆದರೆ ಅದು ಸಾಮಾನ್ಯವಾಗಿ ಕೇಂದ್ರದ್ದು. ಬೀಗದ ಕೈ ಇದ್ದವರು ರಜೆ ಹಾಕಿದರೆ ಟ್ಯಾಬ್ಲೆಟ್ಟಿಗೂ ರಜೆ.

ಕಂಪ್ಯೂಟರಿನಲ್ಲಿ ಕೈ ಸುಟ್ಟುಕೊಂಡವಳು ನಾನೇ. ಶುರುವಿನಲ್ಲಿ 'ಡಿಜಿಟಲ್ ಸಾಕ್ಷರತೆ' ಅಂದರೆ ಕಂಪ್ಯೂಟರ್ ಅನ್ನುವ ಭ್ರಮೆ ನನಗಿತ್ತು. ಹಳೇ ಎರಡು ಡೆಸ್ಕ್‌ಟಾಪ್ ಸಿಕ್ಕಿದವು. ಮೂರು ವಾರ ಬರೀ ಮೌಸ್ ಹಿಡಿಸುವುದರಲ್ಲೇ ಹೋಯಿತು. ಕೈ ಮೇಜಿನ ಮೇಲೆ ಆಡುತ್ತದೆ, ಬಾಣ ಗೋಡೆ ಕಡೆ ಇರುವ ಪರದೆಯ ಮೇಲೆ ಓಡುತ್ತದೆ. ಇವೆರಡೂ ಒಂದೇ ಅಂತ ನಂಬುವುದು ನಾವು ತಿಳಿದಷ್ಟು ಸಹಜ ಅಲ್ಲ. ಒಬ್ಬರು ಮೌಸನ್ನೇ ಎತ್ತಿ ಪರದೆಗೆ ಮುಟ್ಟಿಸಿದರು. ಆಗ ನಕ್ಕೆವು. ಈಗ ಯೋಚಿಸಿದರೆ ಅವರು ಮಾಡಿದ್ದೇ ಸರಿ ಅನ್ನಿಸುತ್ತದೆ, ಬೆರಳಿಗೆ ಪರದೆ ಸಿಗಬೇಕಿತ್ತು. ನಾಲ್ಕನೇ ವಾರಕ್ಕೆ ಹನ್ನೆರಡು ಮಂದಿಯಲ್ಲಿ ಐವರು ಉಳಿದರು. ಬಿಟ್ಟವರು ಓದು ಬಾರದ್ದಕ್ಕೆ ಬಿಟ್ಟವರಲ್ಲ, ಮೌಸಿಗೆ ಹೆದರಿ ಬಿಟ್ಟವರು.

ಹಾಗಂತ ಕಂಪ್ಯೂಟರ್ ಯಾರಿಗೂ ಬೇಡ ಅಂತಲ್ಲ. ಏಳನೇ ತರಗತಿ, ಹತ್ತನೇ ತರಗತಿವರೆಗೆ ಓದಿ ಬಿಟ್ಟವರು, ಸಂಘದ ಲೆಕ್ಕ ಬರೆಯಬೇಕು, ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಹಿಡಿಯಬೇಕು ಅನ್ನುವವರು ಇದನ್ನೇ ಕಲಿಯಲಿ. 2019ರಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಯಲ್ಲಿವೆ. ಅವುಗಳ ಈಗಿನ ಹೆಸರು 'ಅರಿವು ಕೇಂದ್ರ'. ಕಂಪ್ಯೂಟರ್ ಇರುವ ಅರಿವು ಕೇಂದ್ರ ನಿಮ್ಮೂರಿನಲ್ಲಿದ್ದರೆ ಸ್ವಂತಕ್ಕೆ ಕೊಳ್ಳುವ ಮೊದಲು ಅಲ್ಲಿ ಹೋಗಿ ಕೂರಿ.

ಕನ್ನಡ ಬರೆಯುವ ನಾಲ್ಕು ದಾರಿ

ಸಾಧನ ಯಾವುದೇ ಇರಲಿ, ತರಗತಿ ಗೆಲ್ಲುವುದು ಸೋಲುವುದು ಇಲ್ಲಿ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಮಾತು. ಮೈಕ್ ಗುರುತು ಒತ್ತಿ ಮಾತಾಡಿದರೆ ಫೋನೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಮೊದಲ ದಿನವೇ ಫಲ ಸಿಗುತ್ತದೆ. "ಹುರುಳಿಕಾಳು ಬಸ್ಸಾರು" ಅಂದರೆ ಯೂಟ್ಯೂಬಿನಲ್ಲಿ ಬಸ್ಸಾರು ಬಂದೇಬಿಡುತ್ತದೆ. ಮುಖದಲ್ಲಿ ಆಗ ಕಾಣುವ ಬೆರಗನ್ನು ನೋಡಲಿಕ್ಕಾದರೂ ಒಮ್ಮೆ ಇದನ್ನು ಮಾಡಿಸಿ. ಆದರೆ ಯಂತ್ರಕ್ಕೆ ಪುಸ್ತಕದ ಕನ್ನಡ ಚೆನ್ನಾಗಿ ತಿಳಿಯುತ್ತದೆ, ಊರಿನ ಕನ್ನಡ ಅಷ್ಟಕ್ಕಷ್ಟೆ. "ಬಂದ್ಬುಟ್ರು" ಅಂದದ್ದನ್ನು ಅದು ಏನೇನೋ ಮಾಡಿ ಬರೆಯುತ್ತದೆ. ಇನ್ನೊಂದು, ಬರೀ ಮಾತಿನ ಮೇಲೆ ನಿಂತರೆ ಅಕ್ಷರದ ಗೋಜಿಗೇ ಹೋಗುವುದಿಲ್ಲ. ಇದಕ್ಕೆ ನಾವು ಕಂಡುಕೊಂಡ ಉಪಾಯ: ಒಬ್ಬರು ಮಾತಾಡುವುದು, ಪಕ್ಕದವರು ಫೋನ್ ಬರೆದದ್ದನ್ನು ಓದಿ ತಪ್ಪು ಹಿಡಿಯುವುದು. ಫೋನಿನ ತಪ್ಪು ಹಿಡಿಯುವುದು ಅಂದರೆ ಎಲ್ಲರಿಗೂ ಎಲ್ಲಿಲ್ಲದ ಉತ್ಸಾಹ.

ಎರಡನೆಯದು ಬೆರಳಿನ ಬರಹ. ಗೂಗಲ್‌ನ ಜಿಬೋರ್ಡ್ ಕೀಲಿಮಣೆಗೆ ಕನ್ನಡ ಸೇರಿಸುವಾಗ ಕೈಬರಹ ಅನ್ನುವ ಆಯ್ಕೆ ಇದೆ. ಪರದೆಯ ಕೆಳಗಿನ ಅರ್ಧ ಖಾಲಿ ಹಲಗೆ ಆಗುತ್ತದೆ. ಅಲ್ಲಿ ಬೆರಳಿನಲ್ಲಿ 'ಅಮ್ಮ' ಅಂತ ಬರೆದರೆ ಮೇಲೆ ಅಚ್ಚಿನ 'ಅಮ್ಮ' ಮೂಡುತ್ತದೆ. ಅಕ್ಷರಾಭ್ಯಾಸದ ದಿನ ಮಗುವಿನ ಬೆರಳು ಹಿಡಿದು ಅಕ್ಕಿಯ ತಟ್ಟೆಯಲ್ಲಿ ಬರೆಸುತ್ತೇವಲ್ಲ, ಅದೇ ಕೆಲಸ. ಗೀಟು ಅಂಕುಡೊಂಕಾಗಿದ್ದರೂ ಫೋನ್ ಗುರುತು ಹಿಡಿಯುತ್ತದೆ. ಸ್ಲೇಟಿನಲ್ಲಿ ಕಲಿತದ್ದು ವ್ಯರ್ಥ ಆಗುವುದಿಲ್ಲ, ಫೋನಿನಲ್ಲಿ ಬರೆದದ್ದು ಸ್ಲೇಟಿಗೂ ಬರುತ್ತದೆ. ಅಕ್ಷರ ಕಲಿಯುತ್ತಿರುವ ದೊಡ್ಡವರಿಗೆ ನನ್ನ ಆಯ್ಕೆ ಕಣ್ಣು ಮುಚ್ಚಿಕೊಂಡು ಇದೇ.

ಮೂರನೆಯದು ಕನ್ನಡ ಗುಂಡಿಗಳು. ಎಲ್ಲ ಅಕ್ಷರ ಕಣ್ಣೆದುರು ಇರುತ್ತವೆ, ಹುಡುಕಿ ಒತ್ತಿದರಾಯಿತು ಅನ್ನಿಸುತ್ತದೆ. ಒತ್ತಕ್ಷರ ಬಂದಾಗ ಗಾಡಿ ನಿಲ್ಲುತ್ತದೆ. 'ಅಕ್ಕ' ಬರೆಯಲು ಅ, ಕ, ಆಮೇಲೆ ಅರ್ಧ ಅಕ್ಷರದ ಗುರುತು, ಮತ್ತೆ ಕ ಒತ್ತಬೇಕು. "ಒತ್ತು ಕೆಳಗೆ ಬರೀತೀವಲ್ಲ ಮೇಡಂ, ಇಲ್ಲಿ ಯಾಕೆ ಮುಂದೆ ಒತ್ತಬೇಕು?" ಅಂತ ಒಬ್ಬರು ಕೇಳಿದರು. ಬಾಯಲ್ಲಿ ಬರುವ ಕ್ರಮದಲ್ಲಿ ಒತ್ತಬೇಕು, ಕಣ್ಣಿಗೆ ಕಾಣುವ ಕ್ರಮದಲ್ಲಿ ಅಲ್ಲ ಅಂತ ತಿಳಿಸಿ ಹೇಳಲು ಒಂದು ಸಂಜೆ ಹಿಡಿಯಿತು. ಕಾಗುಣಿತ ಪೂರ್ತಿ ಬಂದವರಿಗೆ ಇದನ್ನು ಕೊಡಿ, ಅದಕ್ಕೆ ಮೊದಲು ಬೇಡ.

ನಾಲ್ಕನೆಯದು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವುದು. ನಾನೂ ಹೀಗೇ ಬರೆಯುತ್ತೇನೆ, ನೀವೂ ಬಹುಶಃ ಹೀಗೇ. ಅದಕ್ಕೇ ಎಚ್ಚರಿಕೆ ಬೇಕು. ನಮಗೆ ಸಲೀಸು ಅಂತ ಅವರಿಗೂ ಇದನ್ನೇ ಹೇಳಿಕೊಡುತ್ತೇವೆ. ಕನ್ನಡದ ಅ ಆ ಕಲಿಯುತ್ತಿರುವವರು ಅದನ್ನು ಬರೆಯಲು ಮೊದಲು ಎಬಿಸಿಡಿ ಕಲಿಯಬೇಕು ಅಂದರೆ ಪಕ್ಕದ ಮನೆಗೆ ಹೋಗಲು ಊರು ಸುತ್ತಿದ ಹಾಗೆ. ಇಂಗ್ಲಿಷ್ ಅಕ್ಷರ ಬಲ್ಲವರಿಗೆ ಮಾತ್ರ ಇದು. ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ ಬಳಸುವವರಿಗೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಸಿಗುತ್ತದೆ. ಅಲ್ಲಿ ಎಫ್ ಒತ್ತಿದರೆ ಅರ್ಧ ಅಕ್ಷರ. ಎ, ಕೆ, ಎಫ್, ಕೆ ಅಂದರೆ 'ಅಕ್ಕ'. ಕಚೇರಿ ಕೆಲಸಕ್ಕೆ ಹೋಗುವವರು ಇದನ್ನು ಕಲಿತರೆ ಒಳ್ಳೆಯದು.

ಯಾರು ಹೇಳಿಕೊಡಬೇಕು?

ಸರ್ಕಾರದ ದಾರಿಯಲ್ಲಿ ಈಗ ಇರುವುದು ಉಲ್ಲಾಸ್, ಅಂದರೆ ನವ ಭಾರತ ಸಾಕ್ಷರತಾ ಕಾರ್ಯಕ್ರಮ. 2022ರಿಂದ 2027ರವರೆಗೆ ಇದರ ಅವಧಿ. 15 ವರ್ಷ ದಾಟಿದ ಯಾರು ಬೇಕಾದರೂ ಸೇರಬಹುದು, ಮೇಲಿನ ವಯಸ್ಸಿಗೆ ಮಿತಿ ಇಲ್ಲ. ಕಲಿಸುವವರು ಸ್ವಯಂಸೇವಕರು. ಓದು, ಬರಹ, ಲೆಕ್ಕಕ್ಕೆ ತಲಾ 50ರಂತೆ 150 ಅಂಕದ ಪರೀಕ್ಷೆ ಇರುತ್ತದೆ. ಡಿಜಿಟಲ್ ತಿಳಿವಳಿಕೆ, ಹಣಕಾಸಿನ ತಿಳಿವಳಿಕೆ ಇದರ ಜೀವನ ಕೌಶಲದ ಭಾಗದಲ್ಲಿವೆ. ಅಂದರೆ ಅಕ್ಷರ ಮತ್ತು ಫೋನ್ ಒಂದೇ ಚಪ್ಪರದ ಕೆಳಗೆ.

ಇದಕ್ಕೂ ಹಿಂದಿನದು ಪಿಎಂಜಿದಿಶಾ, ಹಳ್ಳಿಯವರಿಗೆ ಡಿಜಿಟಲ್ ತಿಳಿವಳಿಕೆ ಕಲಿಸುವ ಕೇಂದ್ರ ಸರ್ಕಾರದ ಯೋಜನೆ. 2017ರಲ್ಲಿ ಬಂತು, 2024ರ ಮಾರ್ಚ್‌ಗೆ ಮುಗಿಯಿತು. ಮನೆಗೊಬ್ಬರಿಗೆ 20 ತಾಸಿನ ತರಬೇತಿ, 14ರಿಂದ 60 ವರ್ಷದವರಿಗೆ. ಯಾರಾದರೂ "ಆ ಕೋರ್ಸಿಗೆ ಸೇರಿಸುತ್ತೇನೆ, ದುಡ್ಡು ಕೊಡಿ" ಅಂದರೆ ಕೊಡಬೇಡಿ, ಅದು ಈಗಿಲ್ಲ. ನಮ್ಮ ತರಗತಿಯ ಅತಿ ಚುರುಕಿನ ವಿದ್ಯಾರ್ಥಿನಿಗೆ 62 ವರ್ಷ. ಆ ವಯಸ್ಸಿನವರಿಗೆ ಆಗಲೂ ಅಲ್ಲಿ ಜಾಗ ಇರಲಿಲ್ಲ.

ಕೋರ್ಸಿಗಿಂತ ಜಾಗ ಮತ್ತು ಹೊತ್ತು ಮುಖ್ಯ ಅನ್ನುವುದಕ್ಕೆ ಕೇರಳದ ಪುಲ್ಲಂಪಾರ ನೋಡಿ. ತಿರುವನಂತಪುರ ಜಿಲ್ಲೆಯ ಈ ಪಂಚಾಯಿತಿಯನ್ನು 2022ರಲ್ಲಿ ಪೂರ್ಣ ಡಿಜಿಟಲ್ ಸಾಕ್ಷರ ಅಂತ ಘೋಷಿಸಿದರು. ಅಲ್ಲಿ ಪಾಠ ಉದ್ಯೋಗ ಖಾತರಿ ಕೆಲಸದ ಜಾಗಕ್ಕೇ ಹೋಯಿತು. ನಮ್ಮಲ್ಲೂ ಹೆಂಗಸರು ಒಟ್ಟಿಗೆ ಸೇರುವ ಜಾಗಗಳಿವೆ, ಹಾಲಿನ ಡೈರಿ, ಉದ್ಯೋಗ ಖಾತರಿ ಕೆಲಸ, ಸಂಘದ ವಾರದ ಸಭೆ. ಸಂಜೆ ಏಳೂವರೆಗೆ ತರಗತಿ ಇಟ್ಟರೆ ಧಾರಾವಾಹಿಯ ಜೊತೆ ಪೈಪೋಟಿ. ಗೆಲ್ಲುವುದು ಧಾರಾವಾಹಿಯೇ.

ಇನ್ನು ಮನೆಯ ಮೊಮ್ಮಕ್ಕಳು. ಫೀಸಿಲ್ಲ, ಯಾವಾಗಲೂ ಸಿಗುತ್ತಾರೆ, ಅಜ್ಜಿಗೂ ಸಂಕೋಚ ಇಲ್ಲ. ಆದರೆ ತಾಳ್ಮೆ ಕಮ್ಮಿ. "ಕೊಡಜ್ಜಿ ಇಲ್ಲಿ" ಅಂತ ಕಸಿದುಕೊಂಡು ಟಕಟಕ ಒತ್ತಿ ವಾಪಸ್ ಕೊಡುತ್ತಾರೆ. ಕೆಲಸ ಆಗುತ್ತದೆ, ಅಜ್ಜಿ ಏನೂ ಕಲಿಯುವುದಿಲ್ಲ. ನಾನು ಮಕ್ಕಳಿಗೆ ಹಾಕುವ ಷರತ್ತು ಒಂದೇ: ಕೈ ಹಿಂದೆ ಕಟ್ಟಿಕೊಂಡು ಹೇಳಿಕೊಡಬೇಕು. ಈ ಷರತ್ತು ಪಾಲಿಸುವ ಮೊಮ್ಮಗಳು ಇದ್ದರೆ, ವಾರಕ್ಕೆರಡು ದಿನ ಬರುವ ನನ್ನಂಥವರಿಗಿಂತ ಅವಳೇ ವಾಸಿ.

ದುಡ್ಡಿನ ವಿಷಯ

ಯುಪಿಐ ಯಾವಾಗ ಕಲಿಸಬೇಕು? ಅಕ್ಷರ ಪೂರ್ತಿ ಬಂದ ಮೇಲೆ ಅಂತ ಕೆಲವರ ವಾದ. ನಾನು ಒಪ್ಪುವುದಿಲ್ಲ. ಅಷ್ಟು ಹೊತ್ತಿಗೆ ಬೇರೆ ಯಾರೋ ಅವರ ಪಿನ್ ತಿಳಿದುಕೊಂಡಿರುತ್ತಾರೆ. ಅಂಕಿ ಗಟ್ಟಿಯಾದ ಕೂಡಲೇ ಶುರು ಮಾಡಬಹುದು. ಆದರೆ ಕಳಿಸುವುದಕ್ಕೆ ಮೊದಲು ಓದುವುದು.

ಬ್ಯಾಂಕಿನ ಮೆಸೇಜ್ ಇಂಗ್ಲಿಷಿನಲ್ಲಿ ಬರುತ್ತದೆ. ಪೂರ್ತಿ ಓದಬೇಕಿಲ್ಲ, ಎರಡು ಪದದ ಮೊದಲ ಅಕ್ಷರ ಗುರುತು ಸಿಕ್ಕರೆ ಸಾಕು. 'ಕ್ರೆಡಿಟೆಡ್' ಪದ ಶುರುವಾಗುವುದು ಸಿ ಅಕ್ಷರದಿಂದ, ಅದು ಒಡೆದ ಬಳೆಯ ಹಾಗಿದೆ. 'ಡೆಬಿಟೆಡ್' ಶುರುವಾಗುವುದು ಡಿ ಇಂದ, ಒಂದು ಹೊಟ್ಟೆ, ಬೆನ್ನಿಗೊಂದು ಕೋಲು. ಒಡೆದ ಬಳೆ ಬಂದರೆ ದುಡ್ಡು ಬಂತು, ಕೋಲು ಬಂದರೆ ದುಡ್ಡು ಹೋಯಿತು. ಒಡೆದ ಬಳೆ ಅಪಶಕುನ ಅಂತ ಒಬ್ಬರು ತಕರಾರು ತೆಗೆದರು. ಅದಕ್ಕೆ 'ಅರ್ಧ ಚಂದ್ರ' ಅಂತ ಬದಲಿಸಿಕೊಂಡೆವು. ಅದರ ಪಕ್ಕದ ಅಂಕಿ ಓದಲು ಅವರಿಗೆ ಆಗಲೇ ಬರುತ್ತಿತ್ತು. ಅಂಗಡಿಯ 10 ರೂಪಾಯಿ ಆ ವಾರದಿಂದ ಉಳಿಯಿತು.

ಕಳಿಸುವ ಅಭ್ಯಾಸಕ್ಕೆ ಒಂದೊಂದು ರೂಪಾಯಿ ಸಾಕು. ಇಬ್ಬರು ಎದುರುಬದುರು ಕೂತು ಒಬ್ಬರಿಗೊಬ್ಬರು ಕಳಿಸಿಕೊಳ್ಳಲಿ. ಆಗಲೇ ಹೇಳಬೇಕಾದ ಮಾತು: ದುಡ್ಡು ಬರುವುದಕ್ಕೆ ಪಿನ್ ಬೇಕಾಗಿಲ್ಲ, ಹೋಗುವುದಕ್ಕೆ ಬೇಕು. "ನಿಮಗೆ ದುಡ್ಡು ಬರುತ್ತೆ, ಪಿನ್ ಒತ್ತಿ" ಅಂದರೆ ಅದು ಮೋಸ. ಮೋಸ ಆಗಿಯೇಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಈ ನಾಲ್ಕು ಅಂಕಿಯನ್ನು ನಾವು ತರಗತಿಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿದ್ದೇವೆ.

ಈ ಪಾಠ ಆದ ಮುಂದಿನ ವಾರ, ಆ 62ರ ಅಜ್ಜಿಯನ್ನು ಪರೀಕ್ಷೆ ಮಾಡೋಣ ಅಂತ ಕೇಳಿದೆ, "ಎಲ್ಲಿ, ನಿಮ್ಮ ಪಿನ್ ಎಷ್ಟು ಹೇಳಿ?" ಅವರು ಫೋನಿಗೆ ಸೆರಗು ಅಡ್ಡ ಹಿಡಿದರು. "ನಿಮಗೂ ಹೇಳಾಕಿಲ್ಲ ಮೇಡಂ" ಅಂದರು.